ನಾಳೆ ಬೆಳಗಿನ ಜಾವ 35 ಡಿಗ್ರಿ ಅಂತಿದೆ, ಟೊಮೆಟೊ ಸಸಿ ಆಗಲೇ ನೆಲಕ್ಕೆ ಇಟ್ಟಾಗಿದೆ

ಹಿತ್ತಲಗಿಡ | ನೇಪರ್‌ವಿಲ್, ಇಲಿನಾಯ್ | ಬುಧವಾರ ಸಂಜೆ 4:35

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಸಲಹೆ ಬೇಕು.

ಮೊನ್ನೆ ಭಾನುವಾರ, ಮದರ್ಸ್ ಡೇ ದಿನ, ಹಿತ್ತಲಲ್ಲಿ 22 ಟೊಮೆಟೊ ಸಸಿ ನೆಟ್ಟೆವು. ಶಿಕಾಗೋ ಸುತ್ತಮುತ್ತ ಎಲ್ಲರೂ ಹೇಳೋದು ಅದೇ, ಮದರ್ಸ್ ಡೇ ಕಳೆದರೆ ಚಳಿ ಕಳೆದ ಹಾಗೆ ಅಂತ. ಭಾನುವಾರ ಅರ್ಧ ತೋಳಿನ ಅಂಗಿಯಲ್ಲಿ ಕೆಲಸ ಮಾಡಿದ್ದೀವಿ, ಅಷ್ಟು ಬಿಸಿಲಿತ್ತು. ಇವತ್ತು ಮಧ್ಯಾಹ್ನದಿಂದ ಉತ್ತರದ ಗಾಳಿ ಶುರುವಾಗಿದೆ. ನಾಳೆ ಬೆಳಗಿನ ಜಾವ 35 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಅಂತ ಹವಾಮಾನ ವರದಿಯಲ್ಲಿದೆ. ರಾತ್ರಿ ಗಾಳಿ ನಿಲ್ಲುತ್ತಂತೆ, ಮೋಡ ಇಲ್ಲವಂತೆ.

ನೀರು ಹೆಪ್ಪುಗಟ್ಟೋದು 32ಕ್ಕೆ. ಇನ್ನೂ ಮೂರು ಡಿಗ್ರಿ ಮೇಲಿದೆಯಲ್ಲ, ಸುಮ್ಮನಿದ್ದರೆ ಆಗುತ್ತಾ? ಇಲ್ಲ ಏನಾದರೂ ಮುಚ್ಚಬೇಕಾ?

ಮಾರ್ಚ್ 15ಕ್ಕೆ ಬೇಸ್‌ಮೆಂಟಿನಲ್ಲಿ ಲೈಟ್ ಕಟ್ಟಿ ಬೀಜ ಹಾಕಿದ್ದು. ಫೆಬ್ರವರಿಯಲ್ಲಿ ಹಾಸನದಿಂದ ಅಮ್ಮ ಬಂದಿದ್ದಾರೆ, ಸಸಿ ನೋಡಿಕೊಂಡಿದ್ದೆಲ್ಲ ಅವರೇ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಕೆಳಗಿಳಿದು, ಸಸಿಗಳ ತಲೆ ಮೇಲೆ ಒಮ್ಮೆ ಕೈಯಾಡಿಸಿ, ಬೆರಳಿಗೆ ಹತ್ತಿದ ವಾಸನೆ ಮೂಸಿಕೊಂಡು ಮೇಲೆ ಬರ್ತಾರೆ. ಆಗಸ್ಟ್ ಮೊದಲ ವಾರ ವಾಪಸ್ ಹೊರಡ್ತಾರೆ. ಅಷ್ಟರೊಳಗೆ ಈ ಗಿಡದ ಹಣ್ಣಿನಲ್ಲಿ ಒಂದು ಗೊಜ್ಜು ಮಾಡಿ ಅವರಿಗೆ ಬಡಿಸಬೇಕು ಅನ್ನೋದು ನನ್ನ ಆಸೆ.

ಮಲಪ್ರಭಾ_ದಂಡಿ | ಮಿನಿಯಾಪೊಲಿಸ್ | ಸಂಜೆ 4:50

ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಆದ್ರ ಸುಮ್ಮನೂ ಕೂಡಬ್ಯಾಡ್ರಿ. ನಾ ಇಲ್ಲಿ 14 ವರ್ಷದಿಂದ ಟೊಮ್ಯಾಟೊ ಬೆಳೀತೇನಿ. ಮೇ ತಿಂಗಳದಾಗ ಇಂಥಾ ರಾತ್ರಿ ಒಂದೋ ಎರಡೋ ಬಂದ ಬರ್ತಾವ.

ಇನ್ನೂ ಬಿಸಿಲು ಐತಿ. ಮೊದಲ ಮಡಿಗೆ ನೀರು ಬಿಡ್ರಿ. ಎಲಿ ಮ್ಯಾಲೆ ಬ್ಯಾಡ, ಬುಡಕ್ಕ. ಒಣ ಮಣ್ಣಿನ ಸಂದ್ಯಾಗೆಲ್ಲಾ ಗಾಳಿ ಇರತೈತಿ, ಅದು ಬಿಸಿ ಹಿಡಿಯೂದಿಲ್ಲ. ತೊಯ್ದ ಮಣ್ಣು ಬಿಸಿಲು ಕುಡದು ರಾತ್ರಿಯೆಲ್ಲಾ ನಿಧಾನಕ್ಕ ಬಿಡತೈತಿ. ಬುಡಕ್ಕ ಒಣಹುಲ್ಲು ಹಾಸಿದ್ರ ಇವತ್ತಿನ ಮಟ್ಟಿಗೆ ಅದನ್ನ ಬದಿಗೆ ಸರಸ್ರಿ, ಯಾಕಂದ್ರ ಹುಲ್ಲು ನೆಲದ ಬಿಸಿ ಮ್ಯಾಲೆ ಬರಾಕ ಬಿಡೂದಿಲ್ಲ.

ಹೊತ್ತು ಮುಳುಗೂದ್ರೊಳಗ ಮುಚ್ಚಿ ಮುಗಸ್ರಿ. ಕತ್ತಲಾದ ಮ್ಯಾಲೆ ಮುಚ್ಚಿದ್ರ, ನೆಲದ ಬಿಸಿ ಆಗಲೇ ಹಾರಿ ಹೋಗಿರತೈತಿ. ಮನ್ಯಾಗ ಮುಚ್ಚಾಕ ಏನೇನದಾವ, ಬರೀರಿ.

ಇಬ್ಬನಿ | ಆ್ಯನ್ ಆರ್ಬರ್, ಮಿಶಿಗನ್ | ಸಂಜೆ 5:05

ಮೂರು ಡಿಗ್ರಿ ಮೇಲಿದೆ ಅಂತ ನಂಬಿಕೊಂಡು ಕೂರಬೇಡಿ. ಹವಾಮಾನ ಕೇಂದ್ರದ ಥರ್ಮಾಮೀಟರ್ ಇರೋದು ನೆಲದಿಂದ ಐದಾರು ಅಡಿ ಮೇಲೆ, ನೆರಳಿನ ಪೆಟ್ಟಿಗೆಯೊಳಗೆ. ನಿಮ್ಮ ಸಸಿ ಇರೋದು ಗೇಣು ಎತ್ತರದಲ್ಲಿ. ಮೋಡವಿಲ್ಲದ, ಗಾಳಿ ನಿಂತ ರಾತ್ರಿ ಈ ಎರಡರ ಮಧ್ಯೆ ನಾಲ್ಕೈದು ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಸಾಮಾನ್ಯ. ವರದಿಯಲ್ಲಿ 36 ಅಂತ ಇದ್ದ ದಿನವೇ ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಹಿಮ ಕಾಣೋದು ಅದಕ್ಕೇ.

ಹಗಲು ಕುಡಿದ ಬಿಸಿಯನ್ನ ನೆಲ ಮತ್ತು ಎಲೆ ರಾತ್ರಿ ಆಕಾಶಕ್ಕೆ ಬಿಟ್ಟುಬಿಡ್ತವೆ. ಮೋಡ ಇದ್ದರೆ ಅದರಲ್ಲಿ ಒಂದಷ್ಟು ವಾಪಸ್ ಬರುತ್ತೆ. ಗಾಳಿ ಇದ್ದರೆ ಮೇಲಿನ ಬೆಚ್ಚಗಿನ ಗಾಳಿ ಕೆಳಗೆ ಬೆರೆಯುತ್ತೆ. ಎರಡೂ ಇಲ್ಲದಿದ್ದರೆ ತಣ್ಣನೆ ಗಾಳಿ ಭಾರವಾಗಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತೆ. ನಿಮ್ಮ ಮಡಿ ಹಿತ್ತಲಿನ ತಗ್ಗಿನ ಮೂಲೆಯಲ್ಲಿದ್ದರೆ ಅಲ್ಲೇ ಮೊದಲ ಏಟು.

ವರದಿಯಲ್ಲಿ ಡ್ಯೂ ಪಾಯಿಂಟ್ ಅಂತ ಇನ್ನೊಂದು ಅಂಕಿ ಇರುತ್ತೆ, ಇಬ್ಬನಿ ಕಟ್ಟೋ ಉಷ್ಣತೆ. ಅದನ್ನೂ ನೋಡಿ. 40ರ ಮೇಲಿದ್ದರೆ ಇಬ್ಬನಿ ಕಟ್ಟುವಾಗ ಬಿಡೋ ಶಾಖದಿಂದ ಚಳಿ ಅಲ್ಲಿಗೆ ತಡೆಯುತ್ತೆ. 30ರ ಕೆಳಗಿದ್ದರೆ ಗಾಳಿ ಒಣ, ತಡೆಯೋರು ಯಾರೂ ಇಲ್ಲ.

ಹಿತ್ತಲಗಿಡ | ಸಂಜೆ 5:25

ಡ್ಯೂ ಪಾಯಿಂಟ್ 29 ಇದೆ. ನೀರು ಬಿಟ್ಟಾಯ್ತು.

ಮನೆಯಲ್ಲಿ ಇರೋದು: 5 ಗ್ಯಾಲನ್ ಬಕೆಟ್ 9. ಹಾಲಿನ ಗ್ಯಾಲನ್ ಕ್ಯಾನು 3, ತಳ ಕತ್ತರಿಸಿದ್ದೀನಿ. ಗೋಡೆಗೆ ಬಣ್ಣ ಹೊಡೆಯುವಾಗ ನೆಲಕ್ಕೆ ಹಾಸೋ ತೆಳು ಪ್ಲಾಸ್ಟಿಕ್ ಒಂದು ಸುರುಳಿ. ಹಳೇ ಬೆಡ್‌ಶೀಟ್ ಒಂದೂ ಇಲ್ಲ, ಹೋದ ತಿಂಗಳಷ್ಟೇ ದಾನ ಕೊಟ್ಟುಬಿಟ್ಟೆ. ಅಮ್ಮ ಮನೆಯಲ್ಲಿ ಉಡೋ ಹಳೇ ಕಾಟನ್ ಸೀರೆ ಎರಡು ತಂದು ಕೈಗೆ ಕೊಟ್ಟು, "ಇದು ಆಗುತ್ತೇನೋ ಕೇಳು" ಅಂತಿದ್ದಾರೆ. ಆಗುತ್ತಾ?

ಕ್ರಿಸ್‌ಮಸ್ ಸರದೀಪ ಒಳಗೆ ಹಾಕಿದರೆ ಬೆಚ್ಚಗಿರುತ್ತೆ ಅಂತ ಪಕ್ಕದ ಮನೆಯವರು ಹೇಳಿದರು. ನಮ್ಮದು ಎಲ್‌ಇಡಿ.

ಸಾರಿನಪುಡಿ | ಎಡಿಸನ್, ನ್ಯೂಜೆರ್ಸಿ | ಸಂಜೆ 5:40

ಧಾರಾಳವಾಗಿ ಆಗುತ್ತೆ! ಹಳೇ ಕಾಟನ್ ಸೀರೆಗಿಂತ ಒಳ್ಳೇದು ಸಿಗಲ್ಲ. ಹಗುರ, ಎಲೆಗೆ ಭಾರ ಬೀಳಲ್ಲ, ಐದೂವರೆ ಮೀಟರ್ ಉದ್ದ. ಒಂದೇ ಸೀರೆ ಇಡೀ ಸಾಲು ಮುಚ್ಚುತ್ತೆ. ಸಾಧ್ಯವಾದರೆ ಎರಡು ಮಡಿಕೆ ಹಾಕಿ.

ನಾನು ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡಬೇಡಿ. 2020ರ ಮೇ 9, ಶನಿವಾರ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅವತ್ತು ಹಿಮದ ಹನಿ ಬಿದ್ದಿತ್ತು. ಮೇ ತಿಂಗಳಲ್ಲಿ ಅಷ್ಟು ತಡವಾಗಿ ಅಲ್ಲಿ ಹಿಮ ಬಿದ್ದಿದ್ದು ಅದಕ್ಕೆ ಮುಂಚೆ 1977ರ ಅದೇ ದಿನಾಂಕಕ್ಕೆ. ಲಾಕ್‌ಡೌನ್ ಅಂತ ಮನೆಯಲ್ಲೇ ಇದ್ದೆ, ಗಿಡಗಳೇ ನನ್ನ ಜೊತೆ. 16 ಸಸಿಗೆ ತಂತಿ ಪಂಜರ ನಿಲ್ಲಿಸಿ, ಒಂದೊಂದಕ್ಕೂ ಟವೆಲ್ ಸುತ್ತಿ, ಮಗುವಿಗೆ ಕುಲಾವಿ ಕಟ್ಟಿದ ಹಾಗೆ ಕಾಂಡದ ಹತ್ತಿರ ಬಿಗಿಯಾಗಿ ದಾರ ಕಟ್ಟಿದ್ದೆ. ಬೆಳಿಗ್ಗೆ 14 ಸಸಿ ಕಪ್ಪಗಾಗಿದ್ದವು. ಉಳಿದ ಎರಡಕ್ಕೆ ದಾರ ಸಾಲದೆ ಟವೆಲ್ ನೆಲದವರೆಗೆ ಇಳಿಬಿಟ್ಟಿದ್ದೆ.

ಯಾಕೆ ಹಾಗಾಯ್ತು ಅಂತ ನನಗೆ ಆಮೇಲೆ ಅರ್ಥವಾಯ್ತು. ನಮಗೆ ಕಂಬಳಿ ಹೊದ್ದರೆ ಬೆಚ್ಚಗಾಗೋದು ಮೈ ಬಿಸಿಯಿಂದ. ಗಿಡಕ್ಕೆ ಮೈ ಬಿಸಿ ಇಲ್ಲ. ಬಿಸಿ ಇರೋದು ನೆಲಕ್ಕೆ. ಕಾಂಡಕ್ಕೆ ಬಿಗಿದು ಕಟ್ಟಿದರೆ ನೆಲದ ಬಿಸಿ ಒಳಗೆ ಬರೋ ದಾರಿಯನ್ನೇ ಮುಚ್ಚಿದ ಹಾಗೆ. ಊರಲ್ಲಿ ಕೋಳಿ ಮೇಲೆ ಮಂಕರಿ ಕವುಚಿ ಹಾಕ್ತಾರಲ್ಲ, ಹಾಗೆ ಮುಚ್ಚಿ. ಬಟ್ಟೆ ನೆಲ ಮುಟ್ಟಬೇಕು, ಅಂಚಿನ ಉದ್ದಕ್ಕೂ ಕಲ್ಲೋ ಇಟ್ಟಿಗೆಯೋ ಹೇರಿ. ಮುಚ್ಚಿದ ಜಾಗ ಅಗಲವಾದಷ್ಟೂ ಒಳಗೆ ಸಿಗೋ ನೆಲದ ಬಿಸಿ ಜಾಸ್ತಿ.

ಎಲ್‌ಇಡಿ ಸರದಲ್ಲಿ ಬಿಸಿ ಹೆಚ್ಚು ಬರಲ್ಲ, ಬಿಟ್ಟುಬಿಡಿ. ಹಳೇ ಕಾಲದ ದಪ್ಪ ಬಲ್ಬಿನ ಸರವಾದರೆ ಉಪಯೋಗ ಇದೆ, ಅದೂ ಹೊರಗಡೆ ಬಳಸೋ ತಂತಿಯೇ ಆಗಿರಬೇಕು. ದೀಪ, ಮೇಣದಬತ್ತಿ ಬಟ್ಟೆ ಕೆಳಗೆ ಇಡೋ ಯೋಚನೆ ದಯವಿಟ್ಟು ಬೇಡ.

ಮಲಪ್ರಭಾ_ದಂಡಿ | ಸಂಜೆ 5:55

ಅಕ್ಕಾರು ಹೇಳಿದ್ದು ಬರೋಬ್ಬರಿ. ಬಕೀಟು 9 ಸಸಿಗೆ ಡಬ್ಬ ಹಾಕ್ರಿ, ಮ್ಯಾಲೆ ಒಂದೊಂದು ಕಲ್ಲು ಇಡ್ರಿ. ಹಾಲಿನ ಕ್ಯಾನು ಮೂರಕ್ಕ, ಇವತ್ತು ರಾತ್ರಿ ಬಿರಡಿ ಹಾಕೇ ಇರಲಿ. ಕ್ಯಾನು ಬಾಳ ಹಗುರ, ಗಾಳಿಗೆ ಹಾರತೈತಿ, ಸುತ್ತ ಮಣ್ಣು ಏರಸ್ರಿ. ಉಳದ 10ಕ್ಕ ಸೀರಿ.

ಸೀರಿ ಎಲಿಗೆ ತಾಗಬಾರದು. ನಾಲ್ಕು ಕೋಲು ನೆಟ್ಟು ಹಗ್ಗ ಕಟ್ಟಿ ಚಪ್ಪರದಂಗ ಮ್ಯಾಲೆ ಹಾಸ್ರಿ. ಪ್ಲಾಸ್ಟಿಕ್ ಬೇಕಂದ್ರ ಸೀರಿ ಮ್ಯಾಲೆ ಹೊದಸ್ರಿ. ಅದೊಂದ ಹಾಕಿ ಎಲಿಗೆ ತಾಗಿದ್ರ, ತಾಗಿದಲ್ಲೆ ಎಲಿ ಸುಟ್ಟಂಗ ಆಗತೈತಿ.

ಅಂಗಳ_ರಂಗೋಲಿ | ಸಿಯಾಟಲ್ | ಸಂಜೆ 6:10

ಒಂದು ಸಂದೇಹ. ಸೇಬು, ದ್ರಾಕ್ಷಿ ತೋಟಗಳಲ್ಲಿ ಹಿಮ ಬೀಳೋ ರಾತ್ರಿ ಸ್ಪ್ರಿಂಕ್ಲರ್ ಬಿಟ್ಟು ಗಿಡಕ್ಕೆ ನೀರು ಹೊಡೀತಾರಲ್ಲ. ಹಾಗೇ ರಾತ್ರಿ ಮಲಗೋ ಮುಂಚೆ ಪೈಪಿನಲ್ಲಿ ಎಲೆ ಮೇಲೆ ನೀರು ಹಾಕಿದರೆ ಒಳ್ಳೇದಲ್ಲವಾ?

ಇಬ್ಬನಿ | ಸಂಜೆ 6:20

ಬೇಡ ಮೇಡಂ. ನೀರು ಮಂಜುಗಡ್ಡೆ ಆಗುವಾಗ ಒಂದು ಗ್ರಾಮಿಗೆ ಸುಮಾರು 80 ಕ್ಯಾಲೊರಿ ಶಾಖ ಬಿಡುತ್ತೆ. ತೋಟದವರು ನಂಬಿರೋದು ಆ ಶಾಖವನ್ನ. ಆದರೆ ಹಿಮ ಶುರುವಾಗೋ ಮುಂಚಿನಿಂದ ಹಿಡಿದು ಬೆಳಿಗ್ಗೆ ಗಡ್ಡೆ ಕರಗೋವರೆಗೂ ನೀರು ಒಂದು ಕ್ಷಣ ನಿಲ್ಲದೆ ಬೀಳ್ತಾ ಇರಬೇಕು. ಮಧ್ಯದಲ್ಲಿ ನಿಂತರೆ ಒದ್ದೆ ಎಲೆಯ ನೀರು ಆವಿಯಾಗುವಾಗ ಎಲೆಯ ಬಿಸಿಯನ್ನೇ ಎಳೆದುಕೊಂಡು ಹೋಗುತ್ತೆ, ಅದೂ ಹೆಪ್ಪುಗಟ್ಟುವಾಗ ಕೊಡೋ ಶಾಖಕ್ಕಿಂತ ಏಳು ಪಟ್ಟು ಹೆಚ್ಚು. ಒಣಗಿದ್ದ ಎಲೆಗಿಂತ ಒದ್ದೆ ಎಲೆಗೇ ಹೆಚ್ಚು ನಷ್ಟ. ಸೇಬಿನ ಮರದ ಕೊಂಬೆ ಗಡ್ಡೆಯ ಭಾರ ತಡೆಯುತ್ತೆ, ಗೇಣುದ್ದದ ಟೊಮೆಟೊ ಸಸಿ ತಡೆಯಲ್ಲ.

ಮುಳಬಾಗಿಲು_ತೋಟ | ಕೋಲಾರ ಜಿಲ್ಲೆ | ರಾತ್ರಿ 7:45 (ನಮಗೆ ಬೆಳಿಗ್ಗೆ 6:15)

ನಮಸ್ಕಾರ ಅಕ್ಕ. ತೋಟಕ್ಕೆ ಬಂದು ಡ್ರಿಪ್ ಬಿಟ್ಟು ಫೋನ್ ನೋಡಿದೆ. ನಮ್ಮ ಕಡೆ ಇಬ್ಬನಿ ಗಡ್ಡೆ ಕಟ್ಟೋ ಚಳಿ ಇಲ್ಲ. ಆದರೆ ಡಿಸೆಂಬರ್, ಜನವರಿ ರಾತ್ರಿ ಚಳಿಗೆ ಟೊಮೆಟೊ ಏನಾಗುತ್ತೆ ಅಂತ ನಾವು ಪ್ರತಿ ವರ್ಷ ನೋಡ್ತೀವಿ. ಬೆಳವಣಿಗೆ ನಿಂತೋಗುತ್ತೆ, ಎಲೆ ಅಡಿ ನೇರಳೆ ಬಣ್ಣ ಬರುತ್ತೆ, ಹೂವು ಉದುರುತ್ತೆ. ಮಂಜು ಜಾಸ್ತಿ ಆದರೆ ಅಂಗಮಾರಿ, ಎಲೆ ಕಾಂಡ ಕರಕಾಗೋ ರೋಗ.

ಒಂದು ಕೇಳ್ತೀನಿ. ನೆಡೋ ಮುಂಚೆ ಸಸಿ ಗಟ್ಟಿ ಮಾಡಿದ್ರಾ? ನಮ್ಮ ನರ್ಸರಿಗಳಲ್ಲಿ ಪ್ರೋಟ್ರೇಲಿ, ಅಂದರೆ ಗುಳಿ ಗುಳಿ ಇರೋ ಪ್ಲಾಸ್ಟಿಕ್ ತಟ್ಟೇಲಿ, ಕೋಕೋಪಿಟ್ (ತೆಂಗಿನ ನಾರಿನ ಪುಡಿ) ತುಂಬಿ ಬೆಳೆಸಿ, 25 ದಿನಕ್ಕೆ ಅಟೂಇಟೂ ಕೊಡ್ತಾರೆ. ಕೊನೇ ವಾರ ನೆರಳು ಪರದೆಯಿಂದ ಆಚೆ ಇಟ್ಟು, ನೀರು ಕಮ್ಮಿ ಮಾಡಿ ಬಿಸಿಲು ಗಾಳಿ ತೋರಿಸ್ತಾರೆ. ಮೆತ್ತಗೆ ಬೆಳೆದ ಸಸಿ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತೆ. ಗಟ್ಟಿ ಮಾಡಿದ್ದು ಬೆತ್ತದ ಥರ ಬಾಗುತ್ತೆ, ಕಾಂಡದ ಬಣ್ಣಾನೇ ಬೇರೆ. ಲೈಟ್ ಕೆಳಗೆ ಬೆಳೆದ ಸಸಿಗೆ ಇದು ಇನ್ನೂ ಮುಖ್ಯ ಅಂತ ನನಗನ್ನಿಸುತ್ತೆ. ಅದು ಗಾಳೀನೇ ಕಂಡಿರಲ್ಲವಲ್ಲ.

ಬೆಳಿಗ್ಗೆ ಬಿಸಿಲು ಬಂದಮೇಲೆ ಎಲ್ಲಾ ತೆಗೆದುಬಿಡಿ ಅಕ್ಕ. ಒಳಗೆ ನೀರು ನಿಂತು ಎಲೆ ಒದ್ದೆ ಇದ್ದರೆ ರೋಗ ಹತ್ತುತ್ತೆ. ಮತ್ತೆ ಚಳಿಗೆ ಬಾಡಿದೆ ಅಂತ ಗೊಬ್ಬರ ಕೊಡೋಕೆ ಹೋಗಬೇಡಿ, ತಣ್ಣಗಿರೋ ಮಣ್ಣಲ್ಲಿ ಬೇರು ಅದನ್ನ ತಗೊಳ್ಳಲ್ಲ.

ಹಿತ್ತಲಗಿಡ | ರಾತ್ರಿ 8:20

ಅಣ್ಣ, ತುಂಬಾ ಥ್ಯಾಂಕ್ಸ್. ಬೇಸ್‌ಮೆಂಟಿನಿಂದ ಎಂಟು ದಿನ ಹೊರಗೆ ಒಳಗೆ ಎತ್ತಿಟ್ಟಿದ್ದೀವಿ. ಮೊದಲ ದಿನ ಒಂದು ಗಂಟೆ ನೆರಳಲ್ಲಿ, ಕೊನೇ ಎರಡು ದಿನ ರಾತ್ರಿಯೂ ಹೊರಗೆ. ನೀವು ಹೇಳಿದ್ದನ್ನ ಅಮ್ಮನಿಗೆ ಓದಿ ಹೇಳಿದೆ. ಮುಳಬಾಗಿಲಿನವರು ಉತ್ತರ ಕೊಟ್ಟಿದ್ದಾರೆ ಅಂದಕೂಡಲೇ ಅವರಿಗೆ ಅರ್ಧ ಧೈರ್ಯ ಬಂತು.

ಮುಚ್ಚಿ ಆಯ್ತು. ಕತ್ತಲಲ್ಲಿ ಟಾರ್ಚ್ ಬಿಟ್ಟು ನೋಡಿದೆ, ಇಟ್ಟಿಗೆ ಸಾಲದೆ ಒಂದು ತುದಿಗೆ ಬೀಸುಗಲ್ಲಿನ ಹಾಗೆ ಭಾರವಾದ ಹೂಕುಂಡ ಇಟ್ಟಿದ್ದೀನಿ. ಅಡುಗೆಮನೆ ಥರ್ಮಾಮೀಟರ್ ಎರಡಿತ್ತು. ಒಂದನ್ನ ಬಕೆಟ್ ಒಳಗೆ, ಇನ್ನೊಂದನ್ನ ಬರೀ ಹುಲ್ಲಿನ ಮೇಲೆ ಇಟ್ಟೆ.

ಕಡಲಕರೆ | ಸ್ಟುಟ್‌ಗಾರ್ಟ್, ಜರ್ಮನಿ | ರಾತ್ರಿ 12:50

ಇಲ್ಲಿ ಈಗ ಬೆಳಿಗ್ಗೆ, ಬಸ್ಸಿನಲ್ಲಿ ಕೂತು ಓದ್ತಾ ಇದ್ದೇನೆ. ಇಲ್ಲಿಯವರಿಗೆ ಇದಕ್ಕೆ ಒಂದು ಲೆಕ್ಕ ಉಂಟು. ಮೇ 11ರಿಂದ 15ರವರೆಗೆ ಬರುವ ಸಂತರ ದಿನಗಳಿಗೆ "ಐಸ್‌ಹೈಲಿಗೆ", ಹಿಮದ ಸಂತರು, ಎಂದು ಹೆಸರು. ಮಾಮೆರ್ಟುಸ್, ಪಾಂಕ್ರಾಟಿಯುಸ್, ಸೆರ್ವಾಟಿಯುಸ್, ಬೊನಿಫಾಟಿಯುಸ್, ಕೊನೆಗೆ 15ಕ್ಕೆ "ಕಾಲ್ಟೆ ಸೋಫಿ", ತಣ್ಣನೆ ಸೋಫಿ. ನಮ್ಮ ಪಕ್ಕದ ಅಜ್ಜಿ ಸೋಫಿ ದಾಟದೆ ಟೊಮೆಟೊ ಹೊರಗೆ ಇಡುವುದೇ ಇಲ್ಲ. ಏಪ್ರಿಲಿನಲ್ಲಿ ಎಷ್ಟು ಬಿಸಿಲು ಬಂದರೂ ಅವರ ಸಸಿಗಳು ಕಿಟಕಿಯ ಹತ್ತಿರವೇ.

ಇದನ್ನು ಕೇಳಿದಾಗ ನನಗೆ ನಮ್ಮ ಮಳೆ ನಕ್ಷತ್ರದ ಲೆಕ್ಕ ನೆನಪಾಯಿತು. ಸರಿಯಾಗಿ ಅದೇ ಮೇ 11ರ ಹೊತ್ತಿಗೆ ನಮ್ಮಲ್ಲಿ ಭರಣಿ ಮುಗಿದು ಕೃತ್ತಿಕೆ ಹುಟ್ಟುವುದು. ಅಲ್ಲಿ ಮೊದಲ ಮಳೆಗೆ ಬೀಜ ತೆಗೆಯುವ ಹೊತ್ತಿಗೆ ಇಲ್ಲಿ ಚಳಿಗೆ ಹೆದರಿ ಸಸಿ ಒಳಗೆ ಇಡುತ್ತಾರೆ.

ಆದರೆ ಸಂತರ ಹಬ್ಬ ಹುಟ್ಟಿದ್ದು ಹಳೇ ಕ್ಯಾಲೆಂಡರಿನ ಕಾಲದಲ್ಲಿ. 1582ರಲ್ಲಿ ಕ್ಯಾಲೆಂಡರ್ ತಿದ್ದುವಾಗ ಹತ್ತು ದಿನ ಹಾರಿತು. ಹಾಗಾಗಿ ನಿಜವಾದ ಗಡುವು ಮೇ ಕೊನೆಯ ವಾರ ಎಂದು ಹೇಳುವವರೂ ಇದ್ದಾರೆ. ನನಗೆ ಅದು ಸರಿ ಕಾಣುತ್ತದೆ. ನಿಮ್ಮ ಮದರ್ಸ್ ಡೇ ಅಂತೂ ಮೇ 8ಕ್ಕೂ ಬರಬಹುದು, 14ಕ್ಕೂ ಬರಬಹುದು. ಅದನ್ನು ನಂಬಿ ಸಸಿ ಇಡುವುದು ಹೇಗೆ?

ಹಿತ್ತಲಗಿಡ | ಗುರುವಾರ ಬೆಳಗಿನ ಜಾವ 5:10

ನಿದ್ದೆ ಬರಲಿಲ್ಲ. ಈಗ ಹೋಗಿ ನೋಡಿ ಬಂದೆ. ಹುಲ್ಲಿನ ಮೇಲಿದ್ದ ಥರ್ಮಾಮೀಟರ್ 30 ತೋರಿಸ್ತಿದೆ. ಫೋನಿನಲ್ಲಿ ಇನ್ನೂ 35 ಅಂತಲೇ ಇದೆ! ಬಕೆಟ್ ಒಳಗಿನದು 38.

ಹುಲ್ಲು ಕಾಲಿನ ಕೆಳಗೆ ಚರಚರ ಅನ್ನುತ್ತೆ. ಸೀರೆ ಹಪ್ಪಳದ ಹಾಗೆ ಸೆಟೆದು ನಿಂತಿದೆ. ಅಂಚಿನ ಕೆಂಪು ದಾರದ ಮೇಲೆ ಸಣ್ಣ ಸಣ್ಣ ಬಿಳಿ ಮುಳ್ಳು, ಟಾರ್ಚ್ ಬೆಳಕಿಗೆ ಉಪ್ಪಿನ ಹರಳಿನ ಹಾಗೆ ಹೊಳೀತಿದೆ. ಒಂದು ಮೂಲೆಯಲ್ಲಿ ಸೀರೆ ಕಲ್ಲಿನ ಕೆಳಗಿಂದ ಜಾರಿ ಮೇಲೆದ್ದಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ. ಎಳೆದು ಮುಚ್ಚಿದೆ. ಒಳಗೆ ಕೈ ಹಾಕಿ ನೋಡಿದೆ. ಹೊರಗಿನ ಹಾಗೆ ಕೊರೆಯಲ್ಲ, ಮಣ್ಣಿನ ವಾಸನೆ ಬರ್ತಿದೆ.

ಹಿತ್ತಲಗಿಡ | ಬೆಳಿಗ್ಗೆ 9:30

ಎಲ್ಲಾ ತೆರೆದೆವು. ಬಕೆಟ್ ಕೆಳಗಿನ 9 ಸಸಿ ನೆಟ್ಟ ದಿನದ ಹಾಗೇ ಇವೆ. ಸೀರೆ ಕೆಳಗಿನ 10ರಲ್ಲಿ 8 ಚೆನ್ನಾಗಿವೆ. ಮೂಲೆಯ ಎರಡಕ್ಕೆ ಮೇಲಿನ ಎಲೆ ತುದಿ ಸುಟ್ಟ ಹಾಗಿದೆ. ಹಾಲಿನ ಕ್ಯಾನಿನ ಮೂರರಲ್ಲಿ ಒಂದು ಕ್ಯಾನು ಬಿದ್ದುಹೋಗಿತ್ತು, ಆ ಸಸಿ ಪೂರ್ತಿ ಹೋಯ್ತು ಅನ್ನಿಸುತ್ತೆ. ಬೆಳಿಗ್ಗೆ ಏಳಕ್ಕೆ ಹಸಿರಾಗೇ ಇತ್ತು, ಗಾಜಿನ ಹಾಗೆ ಪಾರದರ್ಶಕವಾಗಿ ಕಾಣ್ತಿತ್ತು ಅಷ್ಟೇ. ಎಂಟರ ಬಿಸಿಲು ಬಿದ್ದಮೇಲೆ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದು ಕಪ್ಪಾಯ್ತು. ಅಮ್ಮ ಅದರ ಪಕ್ಕ ಕುಕ್ಕರಗಾಲಲ್ಲಿ ಸುಮಾರು ಹೊತ್ತು ಕೂತಿದ್ದರು.

ಕಿತ್ತು ಬೇರೆ ಸಸಿ ತಂದು ಹಾಕಲಾ?

ಮಲಪ್ರಭಾ_ದಂಡಿ | ಬೆಳಿಗ್ಗೆ 9:50

ಕೀಳಬ್ಯಾಡ್ರಿ ಅಕ್ಕಾರ. ಒಂದು ವಾರ ಹಂಗ ಬಿಡ್ರಿ. ಕಪ್ಪಾದ ಎಲಿನೂ ಈಗ ಚೂಟಬ್ಯಾಡ್ರಿ. ಕಾಂಡದ ಬುಡ ಉಗುರಿಲೆ ಚೂರ ಕೆರದು ನೋಡ್ರಿ, ಒಳಗ ಹಸರು ಇದ್ರ ಜೀವ ಐತಿ. ಎಲಿ ಕಾಂಡ ಕೂಡೂ ಕಂಕಳದಾಗ ಮೊಗ್ಗು ಇರತಾವ, ಅಲ್ಲಿಂದ ಹೊಸ ಚಿಗರು ಬರಬಹುದು. ಬಕೀಟಿನ ಒಳಗಿನವಕ್ಕ ಇವತ್ತು ಬಿಸಲು ಜೋರಿದ್ರ ಚೂರು ನೆರಳು ಮಾಡ್ರಿ, ರಾತ್ರಿ ಕಷ್ಟಪಟ್ಟು ಬಂದಾವ.

ಸಾರಿನಪುಡಿ | ಬೆಳಿಗ್ಗೆ 10:15

22ರಲ್ಲಿ 19ಕ್ಕೆ ಏನೂ ಆಗಿಲ್ಲ ಅಂದರೆ ದೊಡ್ಡದು ರೀ! ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಆದರೆ ಸೀರೆ ಈಗಲೇ ಮಡಚಿ ಒಳಗಿಡಬೇಡಿ. ತಣ್ಣನೆ ಗಾಳಿ ಬಂದು ನಿಂತ ಮೇಲೆ ಎರಡನೇ ರಾತ್ರಿ ಇನ್ನೂ ನಿಶ್ಚಲವಾಗಿರುತ್ತೆ, ಎಷ್ಟೋ ಸಲ ಅದೇ ಹೆಚ್ಚು ಕೆಟ್ಟದ್ದು. ಇವತ್ತೂ ಹೊತ್ತು ಮುಳುಗೋ ಮುಂಚೆ ಮುಚ್ಚಿ.

2023ರ ಮೇ 18 ನೆನಪಿದೆಯಾ? ನ್ಯೂಯಾರ್ಕ್ ರಾಜ್ಯದ ಮೇಲ್ಭಾಗ, ವರ್ಮಾಂಟ್ ಕಡೆಯೆಲ್ಲ ಸೇಬು, ದ್ರಾಕ್ಷಿ ತೋಟಗಳಿಗೆ ಒಂದೇ ರಾತ್ರಿ ಹಿಮ ಹೊಡೆದಿತ್ತು. ಮೇ ನಡುವಿನಲ್ಲೂ ನಂಬೋ ಹಾಗಿಲ್ಲ.

ಇಬ್ಬನಿ | ಬೆಳಿಗ್ಗೆ 11:00

ಹಿತ್ತಲಗಿಡ ಅವರೇ, ಮಣ್ಣಿನೊಳಗಿನ ಉಷ್ಣತೆ ಅಳೆದಿದ್ದೀರಾ? ಅಡುಗೆಮನೆಯ ಅದೇ ಥರ್ಮಾಮೀಟರ್ ಕಡ್ಡಿಯನ್ನ ನಾಲ್ಕು ಅಂಗುಲ ಆಳಕ್ಕೆ ಚುಚ್ಚಿ, ಬೆಳಿಗ್ಗೆ ಎಂಟರ ಹೊತ್ತಿಗೆ ನೋಡಿ. ಟೊಮೆಟೊಗೆ ಅಲ್ಲಿ 60 ಡಿಗ್ರಿ, ಅಂದರೆ 15ರ ಮೇಲೆ ಸೆಲ್ಸಿಯಸ್ ಬೇಕು. ಹಿಮಕ್ಕೆ ಸಿಗದೆ ಉಳಿದರೂ 50 ಡಿಗ್ರಿ ಮಣ್ಣಿನಲ್ಲಿ ಅದು ಬೆಳೆಯಲ್ಲ, ಸುಮ್ಮನೆ ನಿಂತಿರುತ್ತೆ. ಮೂಲತಃ ದಕ್ಷಿಣ ಅಮೆರಿಕದ ಬಿಸಿಲಿನ ಗಿಡ ಅದು. ಹೆಪ್ಪುಗಟ್ಟದಿದ್ದರೂ 50ರ ಕೆಳಗೆ ದಿನಗಟ್ಟಲೆ ಇದ್ದರೆ ಒಳಗೇ ಸೊರಗುತ್ತೆ.

ನನ್ನ ಅನುಭವದಲ್ಲಿ ಮೇ ಮೊದಲ ವಾರ ನೆಟ್ಟಿದ್ದನ್ನ ಮೇ ಕೊನೇ ವಾರ ನೆಟ್ಟಿದ್ದು ಜೂನ್ ಮುಗಿಯೋದ್ರೊಳಗೆ ಹಿಂದೆ ಹಾಕುತ್ತೆ. ಮೂರು ವರ್ಷ ಅಕ್ಕಪಕ್ಕ ಇಟ್ಟು ನೋಡಿದ್ದೀನಿ. ಮೆಮೋರಿಯಲ್ ಡೇವರೆಗೆ, ಅಂದರೆ ಮೇ ಕೊನೇ ಸೋಮವಾರದವರೆಗೆ, ಕಾಯೋದೇ ಲೇಸು.

ಮಲಪ್ರಭಾ_ದಂಡಿ | ಬೆಳಿಗ್ಗೆ 11:40

ಇಬ್ಬನಿ ಸಾಹೇಬ್ರ, ಮಣ್ಣಿನ ಮಾತು ಒಪ್ಪಿದೆ, ಕಾಯೂ ಮಾತು ಒಪ್ಪೂದಿಲ್ಲ. ನಮ್ಮ ಮಿನಿಯಾಪೊಲಿಸ್‌ನ್ಯಾಗ ಸಪ್ಟೆಂಬರ್ ಕಡೀಕ ಮತ್ತ ಚಳಿ ಬಂತು. ಜೂನಕ್ಕ ಹಚ್ಚಿದ್ರ ದೊಡ್ಡ ಹಣ್ಣಿನ ಜಾತಿ ಗಿಡದ ಮ್ಯಾಲೆ ಹಸರ ಕಾಯಿ ಉಳೀತಾವ.

ನಾ ಮಾಡೂದು ಇದು. ವಾಲ್ ಓ ವಾಟರ್ ಅಂತ ಬರತೈತಿ, ಪ್ಲಾಸ್ಟಿಕ್ ಕೊಳವಿ 18 ಸೇರಿಸಿ ಕೋಟಿ ಗ್ವಾಡಿಯಂಗ ಮಾಡಿರತಾರ. ಅದಕ್ಕ ಸುಮಾರು 3 ಗ್ಯಾಲನ್, 11 ಲೀಟರ್ ನೀರು ಹಿಡೀತೈತಿ. ಹಗಲು ನೀರು ಬಿಸಿ ಆಗತೈತಿ, ರಾತ್ರಿ ಒಳಗಿನ ಗಿಡಕ್ಕ ಬಿಡತೈತಿ. ಹೊರಗಿನ ನೀರು ಗಡ್ಡಿ ಕಟ್ಟಿದ್ರೂ ಕಟ್ಟೂವಾಗ ಶಾಖ ಕೊಟ್ಟ ಕಟ್ಟತೈತಿ, ನಿಮ್ಮ 80 ಕ್ಯಾಲೊರಿ ಲೆಕ್ಕ ಇಲ್ಲೆ ಬಂತ ನೋಡ್ರಿ. ಹಚ್ಚೂ ಒಂದು ವಾರ ಮೊದಲ ಅದನ್ನ ಖಾಲಿ ಮಡಿ ಮ್ಯಾಲೆ ನಿಲ್ಲಸ್ತೇನಿ, ನೆಲ ಕಾಯತೈತಿ. ನೀರು ತುಂಬೂವಾಗ ನಡುವ ಒಂದು ಬಕೀಟು ಡಬ್ಬ ಹಾಕಿ, ಅದರ ಸುತ್ತ ನಿಲ್ಲಿಸಿ ತುಂಬ್ರಿ, ಆಮ್ಯಾಲೆ ಬಕೀಟು ಮ್ಯಾಲಕ್ಕ ಎಳೀರಿ. ಇಲ್ಲಂದ್ರ ಗಿಡದ ಮ್ಯಾಲೆ ಬೀಳತೈತಿ.

ಎಲ್ಲಾ ಗಿಡಕ್ಕೂ ಬ್ಯಾಡ. ಬ್ಯಾಗ ಹಣ್ಣಾಗೂ ಜಾತಿ ನಾಲ್ಕಕ್ಕ ಸಾಕು. ಅರ್ಲಿ ಗರ್ಲ್ ನೆಟ್ಟ 50 ದಿನಕ್ಕ ಹಣ್ಣು ಅಂತಾರ, ಚೆಕ್ ಕಡಿ ಸ್ಟುಪಿಸ್ ಚಳಿ ತಡೀತೈತಿ. ಅಕ್ಕಾರ ತಾಯಾರು ಆಗಸ್ಟ್‌ಕ್ಕ ಹೊಂಟಾರ. ಕಾಯಾಕ ಹೊತ್ತಿಲ್ಲ.

ಇಬ್ಬನಿ | ಮಧ್ಯಾಹ್ನ 12:05

ನೆಲವನ್ನ ಮೊದಲೇ ಕಾಯಿಸಿ ನೆಡೋದಾದರೆ ನನ್ನ ತಕರಾರಿಲ್ಲ. ನಾನು ಹೇಳಿದ್ದು ತಣ್ಣನೆ ಮಣ್ಣಿಗೆ ಬರೀ ತಾರೀಕು ನೋಡಿ ಇಡೋದರ ಬಗ್ಗೆ. ಇನ್ನೊಂದು, ಟೊಮೆಟೊ ಕಾಂಡ ಹೂತಲ್ಲೆಲ್ಲ ಬೇರು ಬಿಡುತ್ತೆ ಅಂತ ನಾವು ಆಳಕ್ಕೆ ನೆಡ್ತೀವಿ. ಮೇ ತಿಂಗಳಲ್ಲಿ ಆಳದ ಮಣ್ಣೇ ಹೆಚ್ಚು ತಣ್ಣಗಿರೋದು. ಅದರ ಬದಲು ಮೂರು ನಾಲ್ಕು ಅಂಗುಲದ ಗೀರು ತೆಗೆದು ಸಸಿಯನ್ನ ಅಡ್ಡ ಮಲಗಿಸಿ, ತಲೆ ಮಾತ್ರ ಮೇಲೆ ಬಿಟ್ಟು ಮಣ್ಣೆಳೆದರೆ ಅಷ್ಟೂ ಬೇರು ಬೆಚ್ಚಗಿನ ಪದರದಲ್ಲೇ ಇರುತ್ತೆ. ಎರಡು ದಿನದಲ್ಲಿ ತಲೆ ತಾನೇ ನೆಟ್ಟಗಾಗುತ್ತೆ.

ಹಿತ್ತಲಗಿಡ | ಶುಕ್ರವಾರ ಬೆಳಿಗ್ಗೆ 8:15

ಎರಡನೇ ರಾತ್ರಿಯೂ ಮುಚ್ಚಿದೆವು, ಹುಲ್ಲಿನ ಮೇಲೆ 32 ಇತ್ತು, ಹೊಸ ನಷ್ಟ ಇಲ್ಲ. ಮಣ್ಣು ನಾಲ್ಕು ಅಂಗುಲಕ್ಕೆ 51. ಎಲೆಗಳ ಅಡಿ, ನರಗಳ ಉದ್ದಕ್ಕೂ ನೇರಳೆ ಬಣ್ಣ ಬಂದಿದೆ. ಮುಳಬಾಗಿಲಿನ ಅಣ್ಣ ಹೇಳಿದ್ದು ಇದೇನಾ?

ಮುಳಬಾಗಿಲು_ತೋಟ | ಬೆಳಿಗ್ಗೆ 8:50

ಅದೇ ಅಕ್ಕ. ಮಣ್ಣಲ್ಲಿ ರಂಜಕ ಇರುತ್ತೆ, ಚಳಿಗೆ ಬೇರು ಎಳ್ಕೊಳ್ಳೋಕಾಗಲ್ಲ. ಮಣ್ಣು ಬಿಸಿಯಾದರೆ ಹೊಸ ಎಲೆ ಹಸಿರಾಗೇ ಬರುತ್ತೆ. ಡಿಎಪಿ (ರಂಜಕದ ಗೊಬ್ಬರ) ಹಾಕಬೇಡಿ. ನೀರೂ ಕಮ್ಮಿ ಮಾಡಿ ಈಗ, ತಣ್ಣನೆ ಮಣ್ಣು ಒದ್ದೆ ಇದ್ದರೆ ಬೇರು ಕೊಳೆಯುತ್ತೆ.

ಯಾವ ತಳಿ ಹಾಕಿದ್ದೀರಿ? ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅಂತ ಇದೆ. ಎಲೆ ಮುಟುರು, ದುಂಡಾಣು ಸೊರಗು ರೋಗ, ಬೇಗ ಬರೋ ಅಂಗಮಾರಿ ಮೂರನ್ನೂ ತಡೆಯುತ್ತೆ. ಬೇಕಿದ್ದರೆ ನಿಮ್ಮ ಕಡೆಯವರು ಯಾರಾದರೂ ಬರೋವಾಗ ಬೀಜ ತರಿಸಿಕೊಳ್ಳಿ.

ಸಾರಿನಪುಡಿ | ಬೆಳಿಗ್ಗೆ 9:20

ಅಣ್ಣಾವರ ಮನಸ್ಸು ದೊಡ್ಡದು. ಆದರೆ ಬೀಜ ಸೂಟ್‌ಕೇಸಿನಲ್ಲಿ ತರಬೇಡಿ ಯಾರೂ. ಅಮೆರಿಕಕ್ಕೆ ಬೀಜ ತರೋಕೆ ಕಾಗದಪತ್ರ ಬೇಕು. ಅದರಲ್ಲೂ ಟೊಮೆಟೊ, ಮೆಣಸಿನಕಾಯಿ ಬೀಜಕ್ಕೆ ಒಂದು ವೈರಸ್ ಕಾರಣಕ್ಕೆ 2019ರಲ್ಲಿ ನಿಯಮ ಬಿಗಿ ಮಾಡಿದರು. ಅದು ಹರಡಿದರೆ ನಮ್ಮ ಹಿತ್ತಲಿಗಷ್ಟೇ ಅಲ್ಲ, ಇಲ್ಲಿನ ರೈತರಿಗೂ ಏಟು. ಹುಳಿ ಜಾಸ್ತಿ ಇರೋ, ನಮ್ಮ ನಾಟಿ ಹಣ್ಣಿನಂಥ ತಳಿ ಇಲ್ಲಿನ ಬೀಜದವರ ಹತ್ತಿರವೂ ಹುಡುಕಿದರೆ ಸಿಗುತ್ತೆ.

ಹಿತ್ತಲಗಿಡ | 13 ದಿನದ ನಂತರ, ಗುರುವಾರ ಸಂಜೆ 6:40

ಹೇಳಿದ್ದೆಲ್ಲ ಕೇಳಿ ಸುಮ್ಮನಾದೆ ಅಂದುಕೊಳ್ಳಬೇಡಿ, ಮೆಮೋರಿಯಲ್ ಡೇವರೆಗೆ ಕಾದು ಬರೆಯೋಣ ಅಂತಿದ್ದೆ. ಇವತ್ತು ಬೆಳಿಗ್ಗೆ ಮಣ್ಣು 63. ನೇರಳೆ ಬಣ್ಣ ಹಳೇ ಎಲೆಗಳಲ್ಲಿ ಮಾತ್ರ ಉಳಿದಿದೆ, ಹೊಸದೆಲ್ಲ ಹಸಿರು. ಸೀರೆ ಮೂಲೆಯ ಎರಡು ಸಸಿಗಳೂ ಚೇತರಿಸಿಕೊಂಡಿವೆ.

ಕಪ್ಪಾಗಿದ್ದ ಸಸಿಯ ವಿಷಯ. ಅದರ ಮೇಲಿನ ಭಾಗ ಒಣಗಿ ದಾರದ ಹಾಗಾಯ್ತು. ಆದರೂ ಅಮ್ಮ ದಿನಾ ಉಗುರಿನಲ್ಲಿ ಬುಡ ಕೆರೆದು ನೋಡ್ತಿದ್ದರು. ಏಳನೇ ದಿನ ಮೊದಲ ಜೋಡಿ ಬೀಜದೆಲೆಗಳ ಕಂಕುಳಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಂಡಿತು. ಈಗ ಅದು ನಾಲ್ಕು ಅಂಗುಲ ಚಿಗುರಿದೆ. ಉಳಿದವು ಮೊಣಕಾಲಿನವರೆಗೆ ಬಂದಿವೆ, ಮೂರರಲ್ಲಿ ಹೂವಿದೆ. ಈಗ ಆಸರೆ ಕೊಡಬೇಕು. ತಂತಿ ಪಂಜರ ಸಾಕಾ ಅಣ್ಣ, ಕೋಲು ಕಟ್ಟಬೇಕಾ?

ಮುಳಬಾಗಿಲು_ತೋಟ | ರಾತ್ರಿ 8:05

ತುಂಬಾ ಖುಷಿ ಆಯ್ತು ಅಕ್ಕ, ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಉದ್ದ ಬೆಳೆಯೋ ತಳಿ ಆದರೆ ಕೋಲೇ ಒಳ್ಳೇದು, ಐದಾರು ಅಡಿ ಇರಲಿ. ಕಾಂಡಕ್ಕೂ ಕೋಲಿಗೂ ಮಧ್ಯೆ ದಾರ ಒಂದು ಸಲ ತಿರುವಿ ಕಟ್ಟಿ, ಎರಡು ಕುಣಿಕೆ ಥರ. ಕಾಂಡದ ಕಡೆ ಬೆರಳು ಆಡೋಷ್ಟು ಸಡಿಲ ಬಿಡಿ. ಪ್ಲಾಸ್ಟಿಕ್ ದಾರ ಬೇಡ, ಗಾಳಿಗೆ ಕಾಂಡ ಕುಯ್ಯುತ್ತೆ. ಮೆತ್ತನೆ ಬಟ್ಟೆ ಇದ್ದರೆ ಅದೇ ವಾಸಿ.

ಹಿತ್ತಲಗಿಡ | ರಾತ್ರಿ 8:30

ಬಟ್ಟೆ ಇದೆ. ಎರಡು ಸೀರೆಯಲ್ಲಿ ಒಂದು ಇಟ್ಟಿಗೆಗೆ ಸಿಕ್ಕಿ ಅಂಚು ಹರಿದಿತ್ತು. ನೀವು ಬರೆದಿದ್ದನ್ನ ಓದಿ ಹೇಳಿದ ಕೂಡಲೇ ಅಮ್ಮ ಅದನ್ನ ತಂದು, ಅಂಚನ್ನ ಬಿಟ್ಟು ಮಿಕ್ಕಿದ್ದನ್ನ ಒಂದೊಂದು ಅಂಗುಲದ ಪಟ್ಟಿಯಾಗಿ ಹರೀತಾ ಕೂತಿದ್ದಾರೆ. 22 ಗಿಡಕ್ಕೆ ಮೂರು ಮೂರು ಕಟ್ಟು ಅಂತ ಲೆಕ್ಕ ಹಾಕಿ, 66 ಪಟ್ಟಿ. ಚಿಗುರಿದ ಆ ಗಿಡಕ್ಕೆ ಈಗಲೇ ಕೋಲು ಬೇಡ ಅಂದೆ. ಅದರ ಪಾಲಿನ ಮೂರನ್ನ ಬೇರೆ ಎತ್ತಿಟ್ಟಿದ್ದಾರೆ.